ಒಬ್ಬರೇ ಉದ್ಯಮ ಸಮಾವೇಶಕ್ಕೆ ಹೋಗ್ತಿದ್ದೀರಾ? ಕೊಳ್ಳೇಗಾಲ, ಹನೂರು, ಯಳಂದೂರಿನ ಅಂಗಡಿ ಮಾಲೀಕರು ತಿಳಿದಿರಬೇಕಾದ್ದು

ದೊಡ್ಡ ಕಂಪನಿಯವರು ವಾಣಿಜ್ಯ ಮೇಳಕ್ಕೆ ಹೋದರೆ ನಾಲ್ಕೈದು ಜನ ಹೋಗ್ತಾರೆ. ಒಬ್ಬರು ಮಾತಾಡ್ತಾರೆ, ಒಬ್ಬರು ಬರ್ಕೋತಾರೆ, ಇನ್ನೊಬ್ಬರು ಸ್ಯಾಂಪಲ್ ಬ್ಯಾಗ್ ನೋಡ್ಕೋತಾರೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಹಾಗಲ್ಲ. ಗಲ್ಲಾದಲ್ಲಿ ಕೂರೋರೂ ಅವರೇ, ಮೂಟೆ ಇಳಿಸ್ಕೊಳ್ಳೋರೂ ಅವರೇ, ಬ್ಯಾಂಕಿಗೆ ಓಡೋರೂ ಅವರೇ. ಅಂಥವರು ಬೆಂಗಳೂರಿನ ಸಮಾವೇಶಕ್ಕೆ ಹೋಗಬೇಕು ಅಂದ್ರೆ ಅಂಗಡಿ ಬಾಗಿಲು ಎಳೆದು ಒಬ್ಬರೇ ಬಸ್ ಹತ್ತಬೇಕು. "ಅಲ್ಲಿ ನಮ್ಮಂಥೋರ್ಗೆ ಏನೈತೆ ಕೆಲ್ಸ" ಅಂತ ವಾಟ್ಸ್‌ಆ್ಯಪ್‌ಗೆ ಬಂದ ಆಹ್ವಾನವನ್ನು ಅಳಿಸಿಬಿಡೋರೇ ಹೆಚ್ಚು.

ಹೋಗದೇ ಇರೋದಕ್ಕೂ ಒಂದು ಬೆಲೆ ಇದೆ. ನಮ್ಮ ಜಿಲ್ಲೆಯ ಅರಿಶಿನ ಈರೋಡಿನ ಮಾರುಕಟ್ಟೆಗೆ ಹೋಗುತ್ತೆ, ಪುಡಿಯಾಗಿ ಪ್ಯಾಕೆಟ್ಟಿನಲ್ಲಿ ನಮ್ಮ ಅಂಗಡಿಗೇ ವಾಪಸ್ ಬರೋದೂ ಉಂಟು. ಕೊಳ್ಳೇಗಾಲದ ರೇಷ್ಮೆ, ಹನೂರಿನ ಕಡೆಯ ರಾಗಿ ಮತ್ತು ಸಿರಿಧಾನ್ಯ, ಬಿಳಿಗಿರಿರಂಗನ ಬೆಟ್ಟದ ಜೇನು ಮತ್ತು ಕಾಫಿ, ಇವೆಲ್ಲದರ ಕೊನೆಯ ಗಿರಾಕಿ ಯಾರು ಅನ್ನೋದು ಬೆಳೆದವರಿಗೂ ಮಾರಿದವರಿಗೂ ಗೊತ್ತಿರಲ್ಲ. ಆ ಗಿರಾಕಿ ಅಥವಾ ಅವನಿಗೆ ಮಾಲು ಕೊಡುವ ದೊಡ್ಡ ವ್ಯಾಪಾರಿ ನಿಮ್ಮೆದುರು ನಿಲ್ಲುವ ಜಾಗವೇ ಮೇಳ. ಒಬ್ಬರೇ ಹೋಗಿ, ಹಾಕಿದ ದುಡ್ಡು ವಾಪಸ್ ಬರೋ ಹಾಗೆ ಮಾಡ್ಕೊಳ್ಳೋದು ಹೇಗೆ ಅನ್ನೋದನ್ನ ಇಲ್ಲಿ ಒಂದೊಂದಾಗಿ ಹೇಳಿದ್ದೇವೆ.

ಇದು ಹೊಸ ವಿಷಯವೇನಲ್ಲ

ಮೈಸೂರು ಸಂಸ್ಥಾನದಲ್ಲಿ 1911ರಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸಂಪದಭ್ಯುದಯ ಸಮಾಜ ಶುರುವಾಯಿತು. ವ್ಯಾಪಾರಿಗಳು, ರೈತರು, ಅಧಿಕಾರಿಗಳು ಒಟ್ಟಿಗೆ ಕೂತು ಕೈಗಾರಿಕೆ, ಕೃಷಿ, ಶಿಕ್ಷಣದ ಬಗ್ಗೆ ಮಾತಾಡುವ ಸಮಾವೇಶ ಅದು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಅದೇ ಇವತ್ತಿನ ಎಫ್‌ಕೆಸಿಸಿಐ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಆಗ ಮೈಸೂರು ಸಂಸ್ಥಾನದೊಳಗೆ ಇತ್ತು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮಾತ್ರ 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆವತ್ತು ಬೆಂಗಳೂರಿನ ಸಭೆಗಳು ನಮ್ಮಲ್ಲಿ ಬಹುಪಾಲು ಜನಕ್ಕೆ ಬೇರೆ ರಾಜ್ಯದ ಮಾತು. ಇವತ್ತು ಬಸ್ಸಿನಲ್ಲಿ ಅರ್ಧ ದಿನದ ದಾರಿ, ಅಷ್ಟೇ.

ಯಾವ ಮೇಳ ಯಾರಿಗೆ?

ಎಲ್ಲ ಸಮಾವೇಶವೂ ಎಲ್ಲರಿಗಲ್ಲ. ನಮ್ಮ ಕಡೆಯವರು ಮೊದಲು ನೋಡಬೇಕಾದ್ದು ಇವು:

ಸಾವಯವ ಮತ್ತು ಸಿರಿಧಾನ್ಯ ಮೇಳ: ರಾಜ್ಯ ಕೃಷಿ ಇಲಾಖೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸುವ ಅಂತರರಾಷ್ಟ್ರೀಯ ವಾಣಿಜ್ಯ ಮೇಳ. 2025ರಲ್ಲಿ ಜನವರಿ 23ರಿಂದ 25ರವರೆಗೆ ನಡೆಯಿತು. ಉತ್ಪಾದಕರು ಮತ್ತು ಖರೀದಿದಾರರು ಮುಖಾಮುಖಿ ಕೂರುವ ವ್ಯವಸ್ಥೆ ಇದರಲ್ಲಿ ಇರುತ್ತೆ. ಹಿಟ್ಟಿನ ಗಿರಣಿ, ಸಿರಿಧಾನ್ಯ, ಬೆಲ್ಲ, ಜೇನು, ಅರಿಶಿನದವರಿಗೆ ಇದೇ ಮೊದಲ ಆಯ್ಕೆ.

ಕೃಷಿ ಮೇಳ: ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ. ಗೊಬ್ಬರ, ಬೀಜ, ಪಂಪ್‌ಸೆಟ್, ಸಣ್ಣ ಯಂತ್ರ ಮಾರುವ ಅಂಗಡಿಯವರು ಕಂಪನಿಯವರನ್ನ ನೇರವಾಗಿ ಹಿಡಿಯಬಹುದು.

ಸಿಲ್ಕ್ ಮಾರ್ಕ್ ಎಕ್ಸ್‌ಪೋ: ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಂಸ್ಥೆ ನಡೆಸುವುದು. ಮಳಿಗೆ ಹಾಕಲು ಸಿಲ್ಕ್ ಮಾರ್ಕ್ ಸದಸ್ಯತ್ವ ಬೇಕು. ಕೊಳ್ಳೇಗಾಲದ ಸೀರೆ ವ್ಯಾಪಾರಿಗಳು ಮೊದಲ ಸಲ ನೋಡೋಕೆ ಅಂತ ಹೋಗಿ ಬರೋದು ಒಳ್ಳೇದು.

ಇನ್ವೆಸ್ಟ್ ಕರ್ನಾಟಕದಂಥ ಹೂಡಿಕೆದಾರರ ಸಮಾವೇಶ: 2025ರಲ್ಲಿ ಫೆಬ್ರವರಿ 11ರಿಂದ 14ರವರೆಗೆ ನಡೆಯಿತು. ಇದು ದೊಡ್ಡವರ ಮೇಳ. ಕಿರಾಣಿ ಅಂಗಡಿಯವರಿಗೆ ಇಲ್ಲಿಂದ ನೇರ ಪ್ರಯೋಜನ ಕಡಿಮೆ. ಸಣ್ಣ ಕಾರ್ಖಾನೆ ಹಾಕುವ ಯೋಚನೆ ಇದ್ದವರು ನೋಡಬಹುದು.

ಇದಲ್ಲದೆ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ (1949ರಲ್ಲಿ ಸ್ಥಾಪನೆ), ಮಹಿಳಾ ಉದ್ಯಮಿಗಳ ಸಂಘವಾದ ಅವೇಕ್ (1983), ಮೇಲೆ ಹೇಳಿದ ಎಫ್‌ಕೆಸಿಸಿಐ, ಈ ಮೂರೂ ಒಂದು ದಿನದ ಕಾರ್ಯಾಗಾರಗಳನ್ನ ನಡೆಸುತ್ತವೆ. ಆಹಾರ ಪದಾರ್ಥ ಮಾಡೋರಿಗೆ ಮೈಸೂರಿನ ಸಿಎಫ್‌ಟಿಆರ್‌ಐ ತರಬೇತಿ ಇನ್ನೂ ಹತ್ತಿರ. ಮೊದಲ ಸಲ ಒಬ್ಬರೇ ಹೋಗೋರು ಇಂಥ ಸಣ್ಣ ಕಾರ್ಯಕ್ರಮದಿಂದ ಶುರು ಮಾಡಿ. ಐವತ್ತು ಜನರ ಕೋಣೆಯಲ್ಲಿ ಮಾತಾಡೋದು ಐದು ಸಾವಿರ ಜನರ ಮೈದಾನಕ್ಕಿಂತ ಸುಲಭ. ಮುಂದಿನ ದಿನಾಂಕಗಳಿಗೆ ಚಾಮರಾಜನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಬಾಗಿಲು ಹಾಕಿದ ದಿನದ ಲೆಕ್ಕ

"ಎರಡು ದಿನ ಬಾಗಿಲು ಹಾಕಿದ್ರೆ ಹದಿನಾರು ಸಾವಿರ ಹೋಯ್ತು" ಅಂತ ಲೆಕ್ಕ ಹಾಕೋರು ಇದ್ದಾರೆ. ಅದು ತಪ್ಪು ಲೆಕ್ಕ. ಹೋಗೋದು ವ್ಯಾಪಾರದ ಮೊತ್ತ ಅಲ್ಲ, ಅದರಲ್ಲಿ ಉಳಿಯುತ್ತಿದ್ದ ಲಾಭ. ಒಂದು ಉದಾಹರಣೆ ಇಟ್ಕೊಳ್ಳಿ. ದಿನಕ್ಕೆ 8,000 ರೂ. ವ್ಯಾಪಾರ, ಅದರಲ್ಲಿ ನೂರಕ್ಕೆ 12 ಲಾಭ ಅಂದ್ರೆ 960 ರೂ. ಎರಡು ದಿನಕ್ಕೆ 1,920. ಬಸ್ಸು, ಮೆಟ್ರೊ, ಆಟೊ 1,000; ಲಾಡ್ಜ್ 1,200; ಊಟ ತಿಂಡಿ 600; ವಿಸಿಟಿಂಗ್ ಕಾರ್ಡ್ 300. ಒಟ್ಟು 5,020 ರೂ.

ಈಗ ಈ ದುಡ್ಡು ವಾಪಸ್ ಬರೋಕೆ ಏನಾಗಬೇಕು? ಅದೇ ಲಾಭದ ದರದಲ್ಲಿ ಸುಮಾರು 42,000 ರೂ. ಹೊಸ ವ್ಯಾಪಾರ ಸಿಗಬೇಕು. ಇಲ್ಲವೇ ಕೊಳ್ಳೋ ಬೆಲೆಯಲ್ಲಿ ಕೆ.ಜಿ.ಗೆ 2 ರೂ. ಕಡಿಮೆ ಮಾಡಿಕೊಡುವ ಸಗಟು ವ್ಯಾಪಾರಿ ಸಿಕ್ಕರೆ, 2,500 ಕೆ.ಜಿ. ಮಾಲು ತರೋ ಹೊತ್ತಿಗೆ ಖರ್ಚು ತೀರಿತು. ಬಹಳ ಅಂಗಡಿಯವರಿಗೆ ಎರಡನೇ ದಾರಿಯೇ ಸುಲಭ. ಮೇಳಕ್ಕೆ ಮಾರೋಕೆ ಮಾತ್ರ ಹೋಗಬೇಕು ಅಂತಿಲ್ಲ, ಕೊಳ್ಳೋಕೂ ಹೋಗಬಹುದು. ನಿಮ್ಮ ಸ್ವಂತ ಅಂಕಿ ಹಾಕಿ ಈ ಲೆಕ್ಕವನ್ನ ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಂಡೇ ಹೊರಡಿ.

ದಿನ ನೋಡಿ ಹೊರಡೋದೂ ಮುಖ್ಯ. ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಜನ ಹೋಗ್ತಾರೆ. ಹನೂರು ದಾರಿಯ ಅಂಗಡಿಯವರು ಆವತ್ತು ಬಾಗಿಲು ಹಾಕಬಾರದು. ಶಿವರಾತ್ರಿ, ಯುಗಾದಿ, ದೀಪಾವಳಿಗೂ ಅಷ್ಟೇ. ಜನವರಿಯ ಮೇಳಕ್ಕೆ ಹೋಗೋರು ಸಂಕ್ರಾಂತಿ ಸಮಯದ ಬಿಳಿಗಿರಿರಂಗನ ಚಿಕ್ಕಜಾತ್ರೆ ಮತ್ತು ಬಾಣದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆಯ ದಿನಗಳನ್ನ ಕ್ಯಾಲೆಂಡರಲ್ಲಿ ಮೊದಲು ನೋಡಿ.

ಬಾಗಿಲು ಹಾಕೋದಾದರೆ ಎರಡು ದಿನ ಮುಂಚೆಯೇ ಬೋರ್ಡ್ ಬರೆದು ಹಾಕಿ: "ಇಂಥ ದಿನ ಅಂಗಡಿ ಇರಲ್ಲ, ಇಂಥ ದಿನ ಬೆಳಿಗ್ಗೆ ತೆಗೀತೀವಿ." ಕಾರಣ ಗೊತ್ತಿಲ್ಲದೆ ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋದ ಗಿರಾಕಿ ಪಕ್ಕದ ಅಂಗಡಿಗೆ ಒಗ್ಗಿಬಿಡಬಹುದು.

ದುಡ್ಡು ಕೇಳುವ ಆಹ್ವಾನ ಬಂದರೆ

ನೀವು ಅರ್ಜಿಯನ್ನೇ ಹಾಕದ "ಅತ್ಯುತ್ತಮ ಉದ್ಯಮಿ ಪ್ರಶಸ್ತಿ" ಬಂದಿದೆ, ನೋಂದಣಿ ಶುಲ್ಕ ಕಟ್ಟಿ ಅಂತ ಫೋನ್ ಬಂದರೆ ಅದು ಪ್ರಶಸ್ತಿ ಅಲ್ಲ, ಮಾರಾಟ. "ಮಳಿಗೆ ಬುಕ್ ಮಾಡಿ, ಖರೀದಿದಾರರು ಗ್ಯಾರಂಟಿ" ಅನ್ನೋದನ್ನೂ ನಂಬಬೇಡಿ. ಪ್ರಾಮಾಣಿಕ ಆಯೋಜಕರು ಯಾರೂ ಆರ್ಡರ್ ಗ್ಯಾರಂಟಿ ಕೊಡಲ್ಲ. ದುಡ್ಡು ಹಾಕುವ ಮುಂಚೆ ಮೂರು ವಿಷಯ ಕೇಳಿ: ಆಯೋಜಕರ ಜಿಎಸ್‌ಟಿ ಸಂಖ್ಯೆ ಏನು, ಹೋದ ವರ್ಷ ಮಳಿಗೆ ಹಾಕಿದವರ ಪಟ್ಟಿ ಕೊಡ್ತೀರಾ, ದುಡ್ಡು ಸಂಸ್ಥೆಯ ಖಾತೆಗೋ ವ್ಯಕ್ತಿಯ ಖಾತೆಗೋ? ವ್ಯಕ್ತಿಯ ಯುಪಿಐ ನಂಬರ್ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಸರ್ಕಾರಿ ಶುಲ್ಕ ಅಂತ ಯಾರಾದರೂ ಕೇಳಿದರೆ ಕೊಡಬೇಡಿ.

ಮಳಿಗೆ ಹಾಕೋರಿಗೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಖರೀದಿ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯಲ್ಲಿ ಬಾಡಿಗೆಯ ಸಹಾಯಧನ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹೆಚ್ಚಿನ ಪಾಲು. ಮೊದಲೇ ಅರ್ಜಿ ಹಾಕಿರಬೇಕು, ಉದ್ಯಮ್ ನೋಂದಣಿ ಇರಬೇಕು. ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಎಸ್ಟೇಟಿನಲ್ಲಿರುವ ಎಂಎಸ್‌ಎಂಇ ಕಚೇರಿಯಲ್ಲಿ, ಇಲ್ಲವೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿವರ ಕೇಳಿ.

ಚೀಲದಲ್ಲಿ ಏನಿರಬೇಕು?

ಒಬ್ಬರೇ ಹೋಗುವಾಗ ಭಾರ ಕಡಿಮೆ ಇರಲಿ. ಮಾಲು ಕಾಯೋಕೆ ಯಾರೂ ಇರಲ್ಲ. ಬೇಕಾದ್ದು ಇಷ್ಟೇ: ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಚ್ಚಾದ 100 ವಿಸಿಟಿಂಗ್ ಕಾರ್ಡ್; ನೂರು ನೂರು ಗ್ರಾಂನ ಹತ್ತು ಸ್ಯಾಂಪಲ್ ಪೊಟ್ಟಣ (ಸೀರೆ, ಬಟ್ಟೆಯಾದರೆ ತುಂಡು ಮತ್ತು ಫೋಟೊ); ಒಂದು ಹಾಳೆಯ ದರಪಟ್ಟಿ; ಉದ್ಯಮ್, ಜಿಎಸ್‌ಟಿ, ಆಹಾರವಾದರೆ ಎಫ್‌ಎಸ್‌ಎಸ್‌ಎಐ ಪತ್ರದ ಜೆರಾಕ್ಸ್; ಆಧಾರ್; ಪವರ್ ಬ್ಯಾಂಕ್; ಒಂದು ನೋಟ್‌ಬುಕ್. ಮೂಲ ಪತ್ರಗಳನ್ನ ಮನೆಯಲ್ಲೇ ಬಿಡಿ, ಮೊಬೈಲ್‌ನಲ್ಲಿ ಫೋಟೊ ಇದ್ದರೆ ಸಾಕು.

ದರಪಟ್ಟಿಯಲ್ಲಿ ಬೆಲೆಗಿಂತ ಮುಖ್ಯವಾದ ಇನ್ನೊಂದು ಸಾಲು ಇರಲಿ: ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಅನ್ನೋದು. ದೊಡ್ಡ ಖರೀದಿದಾರರು ಮೊದಲು ಕೇಳೋದು ಅದನ್ನೇ. 500 ಕೆ.ಜಿ. ಕೊಡೋ ಶಕ್ತಿ ಇದ್ದು 5 ಟನ್ ಅಂತ ಹೇಳಿ ಬಂದರೆ ಮೊದಲ ಆರ್ಡರ್‌ನಲ್ಲೇ ಹೆಸರು ಕೆಡುತ್ತೆ.

ದಾರಿ ಹೇಗೆ?

ಮೂರೂ ತಾಲ್ಲೂಕು ಕೇಂದ್ರಗಳಿಗೆ ರೈಲು ಇಲ್ಲ, ಬಸ್ಸೇ ಗತಿ. ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರು ಸುಮಾರು 140 ಕಿ.ಮೀ. ಹನೂರು, ಯಳಂದೂರಿನವರು ಕೊಳ್ಳೇಗಾಲಕ್ಕೆ ಬರುವ ಸಮಯವನ್ನೂ ಸೇರಿಸ್ಕೊಳ್ಳಿ. ಕನಕಪುರ ಮಾರ್ಗದ ಬಸ್ ಹತ್ತಿದರೆ ಒಂದು ಅನುಕೂಲ ಇದೆ. ಬೆಂಗಳೂರು ಹೊಕ್ಕುವಾಗ ಕನಕಪುರ ರಸ್ತೆಯಲ್ಲೇ ಹಸಿರು ಮಾರ್ಗದ ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣ ಸಿಗುತ್ತೆ. ಆ ಕಡೆ ಇಳಿಸ್ತೀರಾ ಅಂತ ಕಂಡಕ್ಟರ್ ಹತ್ರ ಮೊದಲೇ ಕೇಳಿ. ಹಸಿರು ಮಾರ್ಗದ ಇನ್ನೊಂದು ತುದಿ ತುಮಕೂರು ರಸ್ತೆಯ ಮಾದಾವರ. ದೊಡ್ಡ ದೊಡ್ಡ ಪ್ರದರ್ಶನಗಳು ನಡೆಯುವ ಬಿಐಇಸಿ ಇರೋದು ಅಲ್ಲೇ. 2024ರ ನವೆಂಬರ್ 7ರಂದು ಮಾದಾವರದವರೆಗೆ ಮೆಟ್ರೊ ಶುರುವಾದ ಮೇಲೆ, ರೇಷ್ಮೆ ಸಂಸ್ಥೆಯಲ್ಲಿ ಹತ್ತಿದರೆ ಎಲ್ಲೂ ಬದಲಿಸದೆ ಕೊನೆಯಲ್ಲಿ ಇಳಿಯಬಹುದು. ವೈಟ್‌ಫೀಲ್ಡ್ ಕಡೆಯ ಮೇಳವಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಬೇಕು.

ಮಹಿಳೆಯರಿಗೆ ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಸಾಮಾನ್ಯ ಬಸ್‌ಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ರಾಜಹಂಸ, ಎ.ಸಿ. ಬಸ್‌ಗಳಿಗೆ ಇಲ್ಲ. ಒಬ್ಬರೇ ಹೋಗುವ ಮಹಿಳೆಯರು ಉಳಿಯುವ ಜಾಗವನ್ನ ಮೇಳದ ಹತ್ತಿರ ಹುಡುಕೋದಕ್ಕಿಂತ ಮೆಟ್ರೊ ನಿಲ್ದಾಣದ ಹತ್ತಿರ ಹುಡುಕಿ. ಉಳಿಯುವ ವಿಳಾಸ ಮನೆಯವರ ಹತ್ರ ಇರಲಿ. ತುರ್ತಿಗೆ 112.

ಒಳಗೆ ಹೋದ ಮೇಲೆ

ಮೊದಲ ಅರ್ಧ ಗಂಟೆ ಯಾರ ಹತ್ರಾನೂ ಮಾತಾಡಬೇಡಿ. ಸುಮ್ನೆ ಒಂದು ಸುತ್ತು ಹಾಕಿ, ನಿಮಗೆ ಬೇಕಾದ ಎಂಟು ಹತ್ತು ಮಳಿಗೆಗಳ ನಂಬರ್ ಬರ್ಕೊಳ್ಳಿ. ಅದರಲ್ಲಿ ಮೂರು ಮುಖ್ಯವಾದವನ್ನ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಹೊತ್ತಿಗೆ ಮಳಿಗೆಯವರೂ ಸುಸ್ತಾಗಿರ್ತಾರೆ, ನೀವೂ ಸುಸ್ತಾಗಿರ್ತೀರಿ.

ಮಾತು ಶುರು ಮಾಡೋಕೆ ಇಂಗ್ಲಿಷ್ ಬೇಕಿಲ್ಲ. ಸಂಕೋಚ ಬಿಟ್ಟು ಹೀಗೆ ಹೇಳಿ: "ನಮಸ್ಕಾರ ಸರ್, ನಾನು ಹನೂರಿನಿಂದ ಬಂದಿದೀನಿ. ರಾಗಿ ಹಿಟ್ಟು, ಸಾಮೆ ಅಕ್ಕಿ ಮಾಡ್ತೀವಿ. ತಿಂಗಳಿಗೆ ಐನೂರು ಕೆ.ಜಿ. ಕೊಡಬಲ್ಲೆ. ನೀವು ಕನಿಷ್ಠ ಎಷ್ಟು ತಗೋತೀರಿ, ದುಡ್ಡು ಎಷ್ಟು ದಿನಕ್ಕೆ ಕೊಡ್ತೀರಿ?" ಊರು, ಮಾಲು, ಪ್ರಮಾಣ, ಪ್ರಶ್ನೆ ಎಲ್ಲ ಇಷ್ಟರಲ್ಲೇ ಬಂತು. ಬಸ್ಸಲ್ಲಿ ಕೂತಾಗ ನಾಲ್ಕು ಸಲ ಹೇಳ್ಕೊಂಡು ರೂಢಿ ಮಾಡ್ಕೊಳ್ಳಿ.

ಒಬ್ಬರೇ ಬಂದಿರೋದರಲ್ಲಿ ಒಂದು ಲಾಭವೂ ಇದೆ. ಜೊತೆಗೆ ಬಂದವರು ತಮ್ಮ ತಮ್ಮಲ್ಲೇ ಮಾತಾಡ್ಕೊಂಡು ಇದ್ದುಬಿಡ್ತಾರೆ. ಒಬ್ಬರೇ ಇದ್ದರೆ ಪಕ್ಕದವರನ್ನ ಮಾತಾಡಿಸಲೇಬೇಕು. ಊಟದ ಸಾಲು ಇದಕ್ಕೆ ಒಳ್ಳೆ ಜಾಗ. "ಯಾವೂರಣ್ಣ ನಿಮ್ದು?" ಅಂತ ಕೇಳಿದರೆ ಸಾಕು. ಮಂಡ್ಯದವರೋ ತುಮಕೂರಿನವರೋ ಅಂಥದ್ದೇ ಅಂಗಡಿ ನಡೆಸೋರು ಸಿಗ್ತಾರೆ. ಯಾವ ಸಗಟು ವ್ಯಾಪಾರಿ ಸರಿಯಾಗಿ ದುಡ್ಡು ಕೊಡ್ತಾನೆ, ಯಾವ ಪ್ಯಾಕಿಂಗ್ ಮಷಿನ್ ಪದೇ ಪದೇ ಕೆಡುತ್ತೆ ಅನ್ನೋ ವಿಷಯ ವೇದಿಕೆ ಮೇಲಿನ ಭಾಷಣದಲ್ಲಿ ಸಿಗಲ್ಲ, ಇಲ್ಲಿ ಸಿಗುತ್ತೆ.

ಕಾರ್ಡ್ ತಗೊಂಡ ತಕ್ಷಣ ಅದರ ಹಿಂದೆ ಒಂದು ಸಾಲು ಬರೆಯಿರಿ: "ಮೈಸೂರು ಅಂಗಡಿ, ಅರಿಶಿನ ಪುಡಿ 200 ಕೆ.ಜಿ. ಕೇಳಿದರು, ಸೋಮವಾರ ಫೋನ್." ಸಂಜೆ ಹೊತ್ತಿಗೆ ನಲವತ್ತು ಕಾರ್ಡ್ ಸೇರಿದರೆ ಯಾರು ಏನು ಕೇಳಿದರು ಅಂತ ನೆನಪಿರಲ್ಲ, ನೆನಪು ಮಾಡೋಕೆ ಜೊತೆಯವರೂ ಇಲ್ಲ.

ಮೇಳದಲ್ಲೇ ಮಷಿನ್‌ಗೆ ಮುಂಗಡ ಕೊಡಬೇಡಿ. "ಇವತ್ತೇ ಬುಕ್ ಮಾಡಿದ್ರೆ ರಿಯಾಯಿತಿ" ಅಂತ ಒತ್ತಾಯ ಮಾಡ್ತಾರೆ. ಬೇಡ ಅನ್ನೋಕೆ ಜೊತೆಗೊಬ್ಬರು ಇಲ್ಲದಾಗ ಒಂದು ವಾಕ್ಯ ಸಿದ್ಧ ಇಟ್ಕೊಳ್ಳಿ: "ಮನೇಲಿ ಕೇಳಿ ಹೇಳ್ತೀನಿ, ಕೊಟೇಷನ್ ಕೊಡಿ." ಆಹಾರ ಸಂಸ್ಕರಣೆಯ ಮಷಿನ್ ಆದರೆ ಸಹಾಯಧನದ ಅವಕಾಶವನ್ನೂ ನೋಡಬೇಕು. ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಡಿ ನಮ್ಮ ಜಿಲ್ಲೆಗೆ ಗುರುತಿಸಿದ ಉತ್ಪನ್ನ ಅರಿಶಿನ. ಯೋಜನೆ ಈಗ ಚಾಲ್ತಿಯಲ್ಲಿದೆಯೇ ಅಂತ ಕೃಷಿ ಇಲಾಖೆಯಲ್ಲಿ ಕೇಳಿ, ಸಾಲ ಮಂಜೂರಾದ ಮೇಲೆ ಮಷಿನ್ ಕೊಳ್ಳೋದು ಕ್ಷೇಮ.

ಆರ್ಡರ್ ಬಂದರೆ: ಜಿಎಸ್‌ಟಿ ಮತ್ತು ಬಾಕಿ ಹಣ

ನಮ್ಮ ಗಡಿ ದಾಟಿದರೆ ತಮಿಳುನಾಡು. ಮೇಳದಲ್ಲಿ ಹೊರರಾಜ್ಯದ ಖರೀದಿದಾರರು ಸಿಗೋದು ಸಹಜ. ಹೂಂ ಅನ್ನೋ ಮುಂಚೆ ಒಂದು ವಿಷಯ ತಿಳಿದಿರಲಿ. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರು ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ರಾಜ್ಯದೊಳಗೆ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಆದರೆ ತೆರಿಗೆ ಇರುವ ಸರಕನ್ನ ಬೇರೆ ರಾಜ್ಯಕ್ಕೆ ಕಳಿಸುವಾಗ, ಕೆಲವು ಕರಕುಶಲ ವಸ್ತುಗಳ ವಿನಾಯಿತಿ ಬಿಟ್ಟರೆ, ಈ ಮಿತಿ ಲೆಕ್ಕಕ್ಕೆ ಬರಲ್ಲ, ನೋಂದಣಿ ಬೇಕೇ ಬೇಕು. ಹೊರಡುವ ಮುಂಚೆ ನಿಮ್ಮ ಆಡಿಟರ್ ಹತ್ರ ಐದು ನಿಮಿಷ ಕೂತು ಕೇಳಿ.

ಬಾಕಿ ಹಣದ ವಿಷಯ ಇನ್ನೂ ಮುಖ್ಯ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮದಿಂದ ಮಾಲು ತಗೊಂಡವರು ಒಪ್ಪಂದ ಇದ್ದರೂ ಗರಿಷ್ಠ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ದೂರು ಕೊಡಬಹುದು. ಮಾಲು ಕಳಿಸುವ ಮುಂಚೆಯೇ ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನ ಬಿಲ್ ಮೇಲೆ ಹಾಕಿ.

ಆದರೆ ಇದು ತಯಾರಿಸಿ ಮಾರೋರಿಗೆ, ಸೇವೆ ಕೊಡೋರಿಗೆ. ಕೊಂಡು ಮಾರುವ ಚಿಲ್ಲರೆ, ಸಗಟು ಅಂಗಡಿಗಳನ್ನ 2021ರ ಜುಲೈನಲ್ಲಿ ಉದ್ಯಮ್‌ಗೆ ಸೇರಿಸಿದ್ದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. 45 ದಿನದ ರಕ್ಷಣೆ ಅವರಿಗೆ ಇಲ್ಲ. ಹಾಗಾಗಿ ಅಂಗಡಿಯವರು ಹೊಸ ಗಿರಾಕಿಗೆ ಮೊದಲ ಎರಡು ಮೂರು ಸಲ ಉದ್ರಿ ಕೊಡದೆ, ಅರ್ಧ ಹಣ ಮುಂಗಡ ಪಡೆದೇ ಮಾಲು ಕಳಿಸೋದು ಒಳ್ಳೇದು.

ಊರಿಗೆ ಬಂದ ಮೇಲೆ

ಮೇಳದ ಅರ್ಧ ಕೆಲಸ ಇರೋದು ಇಲ್ಲಿ. ಅಂಗಡಿ ಬಾಗಿಲು ತೆಗೆದ ಕೂಡಲೇ ಎರಡು ದಿನದ ಬಾಕಿ ಕೆಲಸ ಮೈಮೇಲೆ ಬೀಳುತ್ತೆ, ಕಾರ್ಡ್‌ಗಳು ಗಲ್ಲಾದ ಮೂಲೆ ಸೇರ್ತವೆ. ಹಾಗಾಗದಂತೆ ವಾಪಸ್ ಬರುವ ಬಸ್ಸಿನಲ್ಲೇ ಕಾರ್ಡ್‌ಗಳನ್ನ ಮೂರು ಭಾಗ ಮಾಡಿ: ಫೋನ್ ಮಾಡಲೇಬೇಕಾದ್ದು, ಮುಂದೆ ಬೇಕಾಗಬಹುದಾದ್ದು, ಬೇಡದ್ದು. ಮೊದಲ ಭಾಗದಲ್ಲಿ ಐದಕ್ಕಿಂತ ಹೆಚ್ಚು ಇರಬಾರದು. ಆ ಐದು ಜನಕ್ಕೆ ಮೂರು ದಿನದೊಳಗೆ ಫೋನ್ ಮಾಡಿ, ಅಂಗಡಿಯ ಫೋಟೊ ಮತ್ತು ದರಪಟ್ಟಿಯನ್ನ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಅವರೂ ಆವತ್ತು ನೂರಾರು ಜನರನ್ನ ನೋಡಿರ್ತಾರೆ, ವಾರ ಕಳೆದರೆ ನಿಮ್ಮ ಮುಖ ಮರೆತುಹೋಗುತ್ತೆ.

ಮೂರು ತಿಂಗಳಾದ ಮೇಲೆ ಜೇಬಿನ ಚೀಟಿ ತೆಗೆದು ನೋಡಿ. ಆ 5,020 ರೂಪಾಯಿ, ಅಥವಾ ನಿಮ್ಮ ಲೆಕ್ಕದಲ್ಲಿ ಎಷ್ಟಿತ್ತೋ ಅಷ್ಟು, ವಾಪಸ್ ಬಂದಿದ್ದರೆ ಮುಂದಿನ ವರ್ಷವೂ ಹೋಗಿ. ಬಂದಿಲ್ಲ ಅಂದ್ರೆ ಮೇಳ ಬದಲಿಸಿ. ಎರಡು ಸಲ ಹೋಗಿ ಬಂದವರು ತಾವು ಕಂಡುಕೊಂಡದ್ದನ್ನ ಪಕ್ಕದ ಅಂಗಡಿಯವರಿಗೂ ಹೇಳಿ. ಮೂರನೇ ಸಲ ಒಬ್ಬರೇ ಹೋಗಬೇಕಾಗಿರಲ್ಲ.